ಒಲೆಯ ಪಾಲು

ಕರಗಿದ ಕಲ್ಲಿಗೆ ನೆನಪಿರುತ್ತದೆಯೇ ಎಂದು ಯಾರಾದರೂ ಕೇಳಿದರೆ ಇಂದುಮತಿ ಮೊದಲೆಲ್ಲ ನಗುತ್ತಲೇ ಹೌದು ಎನ್ನುತ್ತಿದ್ದಳು. ಅವಳು ಓದಿದ್ದೇ ಅದನ್ನು. ಕುಲುಮೆಯಲ್ಲಿ ಕರಗಿ ಒಮ್ಮೆ ಹರಳುಗಟ್ಟಿದ ಕಿಟ್ಟವನ್ನು ಮತ್ತೆ ಕಾಯಿಸಿ ಕರಗಿಸಿದಿರಿ ಅನ್ನಿ. ಕಣ್ಣಿಗೆ ಎಲ್ಲ ನೀರಾದಂತೆಯೇ ಕಾಣುತ್ತದೆ. ಆದರೆ ಕಾವು ಸಾಲದಿದ್ದರೆ ಒಳಗೆಲ್ಲೋ ಹರಳಿನ ಬೀಜಗಳು ಉಳಿದುಕೊಂಡಿರುತ್ತವೆ. ತುಸು ಆರತೊಡಗಿದ್ದೇ ತಡ, ಅದೇ ಜಾಗದಲ್ಲಿ ಅದೇ ಹರಳು ಮತ್ತೆ ಏಳುತ್ತದೆ. ಇಷ್ಟು ಶಾಸ್ತ್ರ. ಇದರ ಮುಂದಿನದು ಅವಳದೇ ಪ್ರಶ್ನೆ: ಬೀಜ ಹುಟ್ಟುವ ಗಳಿಗೆಯಲ್ಲಿ ಕಿಟ್ಟವನ್ನು ಅಲುಗಿಸಿದ ಸದ್ದನ್ನೂ ಆ ಬೀಜ ಹಿಡಿದಿಟ್ಟುಕೊಂಡರೆ? ಊಟದ ಹೊತ್ತಿಗೆ ಹರಟೆಗೆಂದು ಎತ್ತಿದ ಮಾತು ಅದು. ಗಂಡ ಏಕನಾಥ ರೊಟ್ಟಿ ಮುರಿಯುತ್ತ, "ಹಂಗಾದ್ರ ನಮ್ಮ ಒಲಿ ಇಷ್ಟೊತ್ತಿಗೆ ನನ್ನ ಬೈಗುಳ ಎಲ್ಲಾ ಕಲ್ತಿರಬೇಕು ನೋಡು" ಎಂದು ನಕ್ಕಿದ್ದ.

ಈಗ ಏಕನಾಥ ಇಲ್ಲ. ಹೋಗಿ ವರ್ಷದ ಮೇಲಾಯಿತು. ಆ ಪ್ರಶ್ನೆಗೆ ನಗುವುದನ್ನು ಇಂದುಮತಿಯೂ ಬಿಟ್ಟಿದ್ದಾಳೆ.

ಅವರಿರುವ ಕರಿಗುಡ್ಡದಲ್ಲಿ ಕಲ್ಲಿದ್ದಲನ್ನು ಸುಡುವುದಿಲ್ಲ. ಸುಟ್ಟು ಹೊಗೆ ಬಿಡುವ ಕಾಲ ಮುಗಿದುಹೋಯಿತು. ಎತ್ತರದ ಕುಲುಮೆಗಳಲ್ಲಿ ಆಮ್ಲಜನಕ ಊದಿ ಅದನ್ನು ಅನಿಲ ಮಾಡುತ್ತಾರೆ; ಕೃಷ್ಣೆಯ ಈ ದಂಡೆಯ ಊರುಗಳಲ್ಲಿ ಒಲೆ ಉರಿಯುವುದೂ ಬಸ್ಸು ಓಡುವುದೂ ಆ ಅನಿಲದಿಂದಲೇ. ಅನಿಲವೇನೋ ಮೇಲೆ ಹೋಯಿತು, ಬೂದಿ ಎಲ್ಲಿಗೆ ಹೋಗಬೇಕು? ಆ ಕಾವಿಗೆ ಬೂದಿಯೂ ಕರಗಿ ಕಿಟ್ಟವಾಗುತ್ತದೆ, ಕೆಂಪಗೆ ಗೋಡೆಗುಂಟ ಇಳಿಯುತ್ತದೆ, ತಳದ ತೂತಿನಿಂದ ನೀರಿನ ತೊಟ್ಟಿಗೆ ಬಿದ್ದು ಕಪ್ಪು ಗಾಜಿನ ಹರಳಾಗಿ ಒಡೆಯುತ್ತದೆ. ಕುಲುಮೆಗೆ ಕೆಲಸಗಾರರು 'ಒಲೆ' ಎನ್ನುತ್ತಾರೆ, ಆ ತೂತಿಗೆ 'ಬಾಯಿ'. ಬಾಯಿ ತೆರೆದಿರುವ ತನಕ ಕುಲುಮೆಗೆ ಭಯವಿಲ್ಲ.

ಕಾವು ಇಳಿದಷ್ಟೂ ಕಿಟ್ಟ ಮಂದವಾಗುವುದು ಸಹಜ, ಅದಕ್ಕೆ ಯಾರೂ ಹೆದರುವುದಿಲ್ಲ. ಹೆದರಿಕೆ ಒಳಗೆ ಏಳುವ ಹರಳಿನದು. ಅಲ್ಲಿಯವರೆಗೆ ಜೇನಿನಂತೆ ಇಳಿಯುತ್ತಿದ್ದದ್ದು ಹರಳೆದ್ದ ಗಳಿಗೆಗೆ ಮುದ್ದೆಯಾಗಿ ನಿಂತುಬಿಡುತ್ತದೆ. ಬಾಯಿ ಕಟ್ಟುತ್ತದೆ. ಆಗ ಯಾರಾದರೊಬ್ಬರು ಕೆಳಗಿಳಿದು ಉದ್ದನೆಯ ಸಲಾಕೆಯಿಂದ ತಿವಿದು ಬಿಡಿಸಬೇಕು. ಏಕನಾಥ ಸತ್ತದ್ದು ಮೂರನೇ ಕುಲುಮೆಯ ಬಾಯಿ ಬಿಡಿಸಲು ಹೋಗಿಯೇ. ಕಟ್ಟಿದ ಕಿಟ್ಟ ಒಮ್ಮೆಲೇ ಸಡಿಲಾಗಿ ಮೈಮೇಲೆ ಬಂತು.

ಹರಳು ಏಳುವ ಸೂಚನೆ ಮೊದಲೇ ಸಿಗಲೆಂದು ಇಂದುಮತಿ ಒಂದು ಉಪಕರಣ ಮಾಡಿದ್ದಳು. ಅದಕ್ಕೆ ಎಲ್ಲರೂ 'ಕಿವಿ' ಎಂದೇ ಹೆಸರಿಟ್ಟಿದ್ದರು. ಕುಲುಮೆಯ ಗೋಡೆಯೊಳಕ್ಕೆ ತೂರಿಸಿದ ಒಂದು ಸರಳು; ಅದರ ಹೊರತುದಿ ಪಕ್ಕದ ಪುಟ್ಟ ಕೋಣೆಗೆ ಚಾಚಿಕೊಂಡಿದೆ. ಹರಳು ಬೆಳೆಯುವಾಗ ಆಗುವ ಸಣ್ಣ ಚಟಪಟವನ್ನು ಅದು ಹಿಡಿದು, ದೊಡ್ಡದು ಮಾಡಿ, ನಿಯಂತ್ರಣ ಕೋಣೆಯ ಸ್ಪೀಕರಿಗೆ ಕಳಿಸುತ್ತದೆ. ಬೇರೆ ಕುಲುಮೆಗಳ ಕಿವಿಯಲ್ಲಿ ಕೇಳುವುದು ಎಣ್ಣೆಗೆ ಸಾಸಿವೆ ಬಿದ್ದಂಥ ಸದ್ದು, ಅಷ್ಟೇ.

ಏಕನಾಥ ಹೋದ ಮೇಲೆ ಮೂರನೇ ಕುಲುಮೆಯ ಇಟ್ಟಿಗೆ ಹೊಸದಾಗಿ ಕಟ್ಟಿ ಮತ್ತೆ ಹೊತ್ತಿಸಿದರಲ್ಲ, ಅದಾಗಿ ಕೆಲವು ವಾರಕ್ಕೆ, ಒಂದು ಮಧ್ಯಾಹ್ನ, ಕಾವು ಕೊಂಚ ಇಳಿದಾಗ ಆ ಚಟಪಟವೆಲ್ಲ ಒಟ್ಟುಗೂಡಿ ಒಂದು ದನಿಯಾಯಿತು. ಉದ್ದಕ್ಕೆ ಎಳೆದುಕೊಂಡು ಹೋಗಿ ಕೊನೆಯಲ್ಲಿ ಬಿದ್ದುಹೋಗುವ ದನಿ. ದೂರದಲ್ಲಿರುವವರನ್ನು ಕೂಗುವಾಗ ಎಳೆಯುತ್ತಾರಲ್ಲ, ಹಾಗೆ. ಸ್ವಲ್ಪ ತಡೆದು ಇನ್ನೊಂದು ಸಲ ಬಂತು. ಕೋಣೆಯಲ್ಲಿದ್ದವರೆಲ್ಲ ಕುರ್ಚಿ ಬಿಟ್ಟು ಎದ್ದರು.

ಇಂದುಮತಿ ತಂತಿ ಬದಲಿಸಿದಳು, ಸ್ಪೀಕರು ಬದಲಿಸಿದಳು, ಪೆಟ್ಟಿಗೆ ಬಿಚ್ಚಿ ಕಟ್ಟಿದಳು. ದನಿ ಹೋಗಲಿಲ್ಲ. ಒಲೆ ಅಳುತ್ತಿದೆ, ಏಕನಾಥ ಅಲ್ಲೇ ಇದ್ದಾನೆ ಎಂದು ಕಾಲೊನಿಯೆಲ್ಲ ಗುಸುಗುಸು ಎದ್ದಿತು. ಕೆಲವರು ಆ ಕಡೆ ಹಾಯುವುದನ್ನೇ ಬಿಟ್ಟರು. ಯಾರೋ ಪುಣ್ಯಾತ್ಮರು ಉಪಕರಣದ ಪೆಟ್ಟಿಗೆಗೇ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಇಂದುಮತಿ ಹಿಂದಿನ ಇಂದುಮತಿಯಾಗಿದ್ದರೆ ಅದನ್ನು ಕಿತ್ತೆಸೆದು ನಾಲ್ಕು ಮಾತು ಬೈದಿರುತ್ತಿದ್ದಳು. ಈಗ ಸುಮ್ಮನೆ ನೋಡಿದಳು, ಹಾಗೇ ಬಿಟ್ಟಳು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಗಂಡನ ದನಿ ಕೇಳಿದ ಹೆಂಗಸು ಅಷ್ಟಕ್ಕೇ ನಿಲ್ಲುತ್ತಾಳೆಯೇ? ತನ್ನ ಪಾಳಿಯಲ್ಲಿ ಅವಳು ಮೂರನೇ ಕುಲುಮೆಯ ಆಮ್ಲಜನಕವನ್ನು ತುಸುವೇ ತಗ್ಗಿಸತೊಡಗಿದಳು. ತಗ್ಗಿಸಿದರೆ ಕಾವು ಇಳಿಯುತ್ತದೆ. ಇಳಿದರೆ ಹರಳು ಏಳುತ್ತದೆ. ಎದ್ದರೆ ಅವನು ಕೂಗುತ್ತಾನೆ. ನಾಲ್ಕಾರು ಸಲ ಕೇಳಿಸಿಕೊಂಡು ಮತ್ತೆ ಕಾವು ಏರಿಸಿಬಿಡುವುದು. ಇದು ತಪ್ಪೆಂದು ಅವಳಿಗೆ ಗೊತ್ತಿತ್ತು. ಪ್ರತಿಸಲವೂ ಬಾಯಿಯ ಅಂಚಿಗೆ ಒಂದಿಷ್ಟು ಹರಳು ಅಂಟಿಕೊಂಡೇ ಉಳಿಯುತ್ತಿತ್ತು, ಬಾಯಿ ಕಿರಿದಾಗುತ್ತ ಬರುತ್ತಿತ್ತು. ನಾಳೆಯಿಂದ ಬಿಟ್ಟುಬಿಡುತ್ತೇನೆ ಎಂದು ದಿನಾ ಅಂದುಕೊಳ್ಳುತ್ತಿದ್ದಳು.

ಮನೆಯಲ್ಲಿ ಅತ್ತೆ ಸೋನಾಬಾಯಿ. ಗೌರಿ ಹುಣ್ಣಿಮೆ ಹತ್ತಿರ ಬಂದಿತ್ತು. ಕಾಲೊನಿಯ ಹುಡುಗಿಯರಿಗೆಲ್ಲ ಸಕ್ಕರೆ ಆರತಿಯ ಗೊಂಬೆ ಎರೆದುಕೊಡುವುದು ಈ ಮುದುಕಿಯೇ. ಕಟ್ಟಿಗೆಯ ಅಚ್ಚುಗಳನ್ನು ದಾರದಿಂದ ಬಿಗಿದು ಸಾಲಾಗಿ ನಿಲ್ಲಿಸಿ, ಒಲೆಯ ಮೇಲಿನ ಪಾಕ ತಿರುವುತ್ತ ಕೂತಿದ್ದಳು. ಸೊಸೆ ಒಳಗೆ ಬಂದು ಬ್ಯಾಗು ಇಡುವುದಕ್ಕೂ ಬಿಡಲಿಲ್ಲ.

"ಇವತ್ತೂ ಕರದ್ನೇನ?"

"ಅತ್ತೀ, ಅದು ಕಿಟ್ಟದ ಸಪ್ಪಳ. ಎಷ್ಟ ಸಲ ಹೇಳಲಿ?"

"ಸಪ್ಪಳಾದ್ರ ಸಪ್ಪಳ. ನನಗೂ ಒಮ್ಮೆ ಕೇಳಸ. ಊರ ಮಂದಿ ಎಲ್ಲಾ ಕೇಳ್ಯಾರ, ಹಡದಾಕಿ ನಾ ಕೇಳಬಾರದೇನ?"

"ಅಲ್ಲಿ ಹೊರಗಿನವರ್ನ ಬಿಡಂಗಿಲ್ಲರಿ."

"ಹೊರಗಿನಾಕಿ ಅಂತ ನಾನು!" ಸೋನಾಬಾಯಿ ಪಾಕವನ್ನು ಅಚ್ಚಿಗೆ ಸುರಿದಳು. ಬಿಸಿ ಪಾಕ ಅಚ್ಚಿನೊಳಗೆ ಬಿಳುಪಾಗಿ ಗಟ್ಟಿಯಾಗುವುದನ್ನು ಇಂದುಮತಿ ನಿಂತು ನೋಡಿದಳು. ಮೊದಲಾದರೆ ಅವಳಿಗೆ ಅದನ್ನು ನೋಡುವುದೇ ಒಂದು ಖುಷಿ. ಈಗ ನೋಡಲಾಗದೆ ಒಳಗೆ ಹೋದಳು. ಅತ್ತೆಗೆ ಕೇಳಿಸಬಾರದೆಂದಲ್ಲ, ಆ ದನಿಯನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

ಮರುದಿನ ಮುಖ್ಯ ಎಂಜಿನಿಯರ್ ನಿರಂಜನ ಎಲ್ಲರನ್ನೂ ಕರೆದರು. ಮೈಸೂರು ಕಡೆಯ ಮನುಷ್ಯ, ದೆವ್ವ ಗಿವ್ವ ಎಂದರೆ ಉರಿದುಬೀಳುವವರು. "ಮೂರನೇದರ ಬಾಯಿ ಅರ್ಧಕ್ಕಿಂತ ಹೆಚ್ಚು ಕಟ್ಟಿದೆ. ಯಾಕೆ ಕಟ್ತಿದೆ ಅಂತ ಯಾರಿಗೂ ಗೊತ್ತಿಲ್ಲ. ಇದೇ ಕಲ್ಲಿದ್ದಲು, ಕಿಟ್ಟ ತೆಳುವಾಗ್ಲಿ ಅಂತ ಹಾಕೋ ಸುಣ್ಣದ ಪುಡಿಯೂ ಇದೇ, ಮಿಕ್ಕ ಕುಲುಮೆಗಳಲ್ಲಿ ಏನೂ ತೊಂದರೆ ಇಲ್ಲ. ನಾಳೆ ಮಧ್ಯಾಹ್ನ ಉರಿ ತಗ್ಗಿಸಿ ಬಾಯಿ ಬಿಡಿಸೋಣ. ಮೌಲಾಲಿ, ನೀವೇ ಇಳೀಬೇಕಾಗುತ್ತೆ."

"ಇಳೀತೀನ್ರಿ ಸಾಹೇಬ್ರ," ಎಂದ ಮೌಲಾಲಿ. ಏಕನಾಥನ ಜೊತೆಗಾರ ಅವನು. ಕುಲುಮೆಯ ಕೆಲಸಕ್ಕೆ ಇಬ್ಬರೂ ಒಂದೇ ದಿನ ಸೇರಿದವರು. ಬಾಯಿ ಕಟ್ಟಿಸಿದವಳು ಇಂದುಮತಿ. ಇಳಿಯುವವನು ಅವನು.

ಆದರೂ ಒಂದು ಮಾತು ಅವಳಿಗೆ ಒಗಟಾಗಿತ್ತು. ಅವಳು ಇಳಿಸಿದ ಕಾವು ಅಷ್ಟಿಷ್ಟೇ. ಅಷ್ಟಕ್ಕೆ ಹರಳು ಏಳಬಾರದು. ಏಳುವುದಕ್ಕೆ ಬೀಜ ಬೇಕು. ಅಂದು ಮೊದಲ ಬಾರಿಗೆ ಮೂರನೇ ಕುಲುಮೆಯ ಕಿಟ್ಟದ ಚೂರೊಂದನ್ನು ಪ್ರಯೋಗಾಲಯಕ್ಕೆ ಒಯ್ದು ಹರಳಿನ ನಡುವನ್ನೇ ಪರೀಕ್ಷಿಸಿದಳು. ಇಷ್ಟು ದಿನ ಯಾಕೆ ಮಾಡಿರಲಿಲ್ಲ? ಉತ್ತರ ಸಿಕ್ಕರೆ ದನಿ ನಿಂತುಹೋಗುತ್ತದೆಂಬ ಅಂಜಿಕೆ, ಮತ್ತೇನಲ್ಲ. ಹರಳಿನ ನಡುವೆ ಕ್ಯಾಲ್ಸಿಯಂ ಇತ್ತು, ಅದು ಸರಿ, ಸುಣ್ಣದ್ದು. ಅದರ ಜೊತೆಗೆ ರಂಜಕ. ಕಲ್ಲಿದ್ದಲಿನಲ್ಲಿ ಇಷ್ಟು ರಂಜಕ ಇರುವುದಿಲ್ಲ. ಕ್ಯಾಲ್ಸಿಯಂ ಮತ್ತು ರಂಜಕ ಈ ಪ್ರಮಾಣದಲ್ಲಿ ಜೊತೆಗಿರುವುದು ಎಲುಬಿನಲ್ಲಿ.

ಪಾಳಿ ಮುಗಿಸಿ ಹೊರಟಿದ್ದ ಮೌಲಾಲಿಯನ್ನು ಸೈಕಲ್ ಸ್ಟ್ಯಾಂಡಿನ ಬಳಿ ತಡೆದಳು.

"ಮೌಲಾಲಣ್ಣ, ಖರೇ ಹೇಳ್ರಿ. ಮೂರನೇ ಒಲಿಯೊಳಗ ಏನ್ ಹಾಕೀರಿ?"

ಅವನು ತಲೆ ತಗ್ಗಿಸಿದ. "ವೈನಿ, ನಿಮಗ ಹೇಳಬಾರದು ಅಂತ ಮಾಡಿದ್ವಿ. ನೀವು ಓದಿದವರು, ಬ್ಯಾಡ ಅಂತಿದ್ರಿ. ಅದು ಒಲಿ ಪಾಲು."

"ಅಂದ್ರ?"

"ಒಲಿ ಮುಂದ ದುಡದಂವ ಸತ್ರ, ಅವನ ಬೂದಿ ಹೊಳಿಗಿ ಬಿಡೋಕಿಂತ ಮೊದಲ ಒಂದ ಮುಷ್ಟಿ ಒಲಿಗಿ ಹಾಕತೀವಿ. ನಮ್ಮಂಗ ಮಣ್ಣ ಮಾಡೋ ಮಂದಿ ಆದ್ರ ಅವನ ತಲಿಗಿ ಸುತ್ತೋ ವಸ್ತ್ರ. ನಮ್ಮಪ್ಪನ ಕಾಲದಿಂದ ಐತ್ರಿ. ಇಷ್ಟ ವರ್ಷ ಅನ್ನ ಹಾಕಿದ ಒಲಿ, ಅದರ ಪಾಲು ಅದಕ್ಕ ಕೊಡಬೇಕಲ್ಲ?"

"ಎಲ್ಲಿ ಹಾಕಿದ್ರಿ? ಯಾರು?"

"ಕಿವಿ ಕೋಣ್ಯಾಗ, ಸುಣ್ಣದ ಪುಡಿ ಹಾಕೋ ಕಿಂಡಿಯಾಗ. ಒಲಿ ಹೊಸದಾಗಿ ಹೊತ್ತಿಸಿದ ದಿನ. ಸೋನಾಬಾಯಿ ಅವರನ್ನ ಯಾರಿಗೂ ಕಾಣದಂಗ ಒಳಗ ಕರಕೊಂಡು ಹೋಗಿದ್ದೆ, ಅವರೇ ಕೈಯಾರೆ ಹಾಕಿದ್ರು."

ಹೊಸದಾಗಿ ಹೊತ್ತಿಸಿದ ದಿನ! ಇಂದುಮತಿಗೆ ಎಲ್ಲ ಅರ್ಥವಾಯಿತು. ಕರಗಿದ ಕಿಟ್ಟವೆಲ್ಲ ಹರಿದು ಹೊರಗೆ ಹೋಗುತ್ತದೆ ನಿಜ, ಆದರೆ ಗೋಡೆಗೆ ಮೊಟ್ಟಮೊದಲು ಅಂಟಿದ ಪದರ ಮಾತ್ರ ಹೋಗುವುದಿಲ್ಲ. ಇಟ್ಟಿಗೆ ಸುಡದಂತೆ ಕಾಪಾಡುವುದೇ ಆ ಪದರ. ಬೂದಿಯ ಬೀಜ ಕೂತಿರುವುದು ಅದರಲ್ಲಿ. ಮೇಲೆ ಹರಿಯುವ ಹೊಸ ಕಿಟ್ಟಕ್ಕೆಲ್ಲ ಅದೇ ಹರಳನ್ನು ಅಂಟಿಸುತ್ತ ಕೂತಿದೆ.

"ನಾಳೆ ಇಳೀಬ್ಯಾಡ್ರಿ ಅಣ್ಣ. ಏನರ ನೆವ ಹೇಳ್ರಿ."

ಮೌಲಾಲಿ ನಕ್ಕ. ಆ ನಗು ಅವಳಿಗೆ ಸರಿಬರಲಿಲ್ಲ. "ನೀವು ಒಬ್ರೇ ಕೇಳೀರಿ ಅಂದ್ಕೊಂಡೀರೇನ? ನನ್ನ ಪಾಳ್ಯಾಗನೂ ಕರೀತಾನ. ಇಷ್ಟ ದಿನದಿಂದ ಕರ್ಯಾಕತ್ತಾನ ವೈನಿ. ಅವತ್ತು ನಾ ಇಳೀಬೇಕಿತ್ತು, ನನಗ ಜ್ವರ ಅಂತ ಅವ ಇಳದ. ಎಷ್ಟ ದಿನ ಕೇಳದಂಗ ಇರಲಿ? ಹೋಗಿ ಮಾತಾಡ್ಸೇ ಬರ್ತೀನಿ."

ಸೈಕಲ್ ಹತ್ತಿ ಹೊರಟೇಬಿಟ್ಟ. ಅವನು ಬಾಯಿ ಬಿಡಿಸಲು ಇಳಿಯುತ್ತಿಲ್ಲ, ಗೆಳೆಯನ ಬಳಿಗೆ ಇಳಿಯುತ್ತಿದ್ದಾನೆ ಎಂದು ಇಂದುಮತಿಗೆ ತಿಳಿದುಹೋಯಿತು. ಹಾಗೆ ಇಳಿದವನ ಕೈ ಸಲಾಕೆಯ ಮೇಲೆ ನೆಟ್ಟಗಿರುತ್ತದೆಯೇ?

ಮನೆಗೆ ಬಂದವಳೇ ಅತ್ತೆಯ ಮುಂದೆ ಕೂತಳು. ಬೈಯಬೇಕೆಂದೇ ಬಂದಿದ್ದಳು. ಹಣ್ಣಾದ ಆ ಮುಖ ನೋಡಿ ಮನಸ್ಸು ಬದಲಿಸಿದಳು. ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ ದನಿಯನ್ನು ಹಚ್ಚಿ ಸೋನಾಬಾಯಿಯ ಕಿವಿಯ ಹತ್ತಿರ ಇಟ್ಟಳು. "ಕೇಳ್ರಿ ಅತ್ತೀ. ನಿಮ್ಮ ಮಗ."

ದನಿ ಎದ್ದಿತು, ಎಳೆಯಿತು, ಬಿತ್ತು. ಸೋನಾಬಾಯಿ ಕಣ್ಣು ಮುಚ್ಚಿಕೊಂಡು ಕೇಳಿದಳು. ಎರಡನೇ ಸಲ ಎದ್ದಾಗ ಹುಬ್ಬು ಗಂಟಿಕ್ಕಿದಳು. ಮೂರನೇ ಸಲಕ್ಕೆ ಫೋನನ್ನು ಕೆಳಗಿಟ್ಟಳು.

"ಇದು ಏಕ್ಯಾ ಅಲ್ಲ."

"ಅತ್ತೀ..."

"ಅಲ್ಲ ಅಂದ್ರ ಅಲ್ಲ. ಇದು ನಾನು."

ಇನ್ನೂ ಕೂಗುತ್ತಿದ್ದ ಫೋನನ್ನು ಇಂದುಮತಿ ನಿಲ್ಲಿಸಿದಳು.

"ಸಣ್ಣಂವಿದ್ದಾಗ ಹೊಳಿಗಿ ಈಸಾಕ ಹೋದ್ರ ಮನಿ ಅಂಬೂದ ಮರೀತಿದ್ದ. ದಂಡಿ ಮ್ಯಾಲ ನಿಂತು ಹಿಂಗ ಕರೀತಿದ್ದೆ. ಏಕ್ಯಾ... ಬಾರೋ... ಅಂತ. ಅವತ್ತು ಆ ಕಿಂಡಿಯೊಳಗ ಅವನ್ನ ಹಾಕಿದ ಕೂಡ್ಲೇ ನನಗ ತಡಕೊಳ್ಳಾಕ ಆಗಲಿಲ್ಲವ್ವ. ಅಲ್ಲೊಂದು ಸರಳು ಇತ್ತಲ್ಲ, ಅದನ್ನ ಎರಡೂ ಕೈಲೆ ಹಿಡದು, ಹಣಿ ಹಚ್ಚಿ, ಹಿಂಗ ಕರದೆ. ಮೌಲಾಲಿ ಬಿಡಿಸಿ ಹೊರಗ ಕರಕೊಂಡು ಬರೋತನಕ ಕರದೆ."

ಕೇಳಲೆಂದು ಇಂದುಮತಿ ಇಟ್ಟ ಸರಳಿನಿಂದಲೇ ಆ ಕೂಗು ಒಳಗೆ ಇಳಿದಿತ್ತು. ಬೀಜ ಹುಟ್ಟುತ್ತಿದ್ದ ಗಳಿಗೆ ಅದು. ಅವಳ ಹರಟೆಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಆದರೆ ಯಾರಿಗೆ ಬೇಕಿತ್ತು ಆ ಉತ್ತರ? ಅವನು ಅಲ್ಲಿ ಇರಲೇ ಇಲ್ಲ. ತಿಂಗಳುಗಟ್ಟಲೆ ಅವಳು ಕದ್ದು ಕದ್ದು ಕೇಳಿದ್ದು ಅವನನ್ನು ಕರೆಯುವ ದನಿಯನ್ನು, ಅವನದನ್ನಲ್ಲ. ಏಕನಾಥ ಇನ್ನೊಮ್ಮೆ ಸತ್ತಂತಾಗಿ ಇಂದುಮತಿ ಅತ್ತೆಯ ಮಡಿಲಿಗೆ ತಲೆ ಹಾಕಿದಳು.

ಸೋನಾಬಾಯಿ ಸೊಸೆಯ ಬೆನ್ನು ಸವರುತ್ತ ತನ್ನಷ್ಟಕ್ಕೆ ಎಂಬಂತೆ ಅಂದಳು: "ತಾಯಿ ಹಿಂಗ ಕರೀತಾ ಕುಂತ್ರ ಮಗ ಹೆಂಗ ಹೋದಾನು? ಅದನ್ನ ಅಳಸಾಕ ಬರತೈತೇನ ಇಂದೂ?"

"ಬರತೈತ್ರಿ. ಭಾಳ ಕಾಸಬೇಕು. ಗ್ವಾಡಿ ಪದರ ಪೂರಾ ಕರಗೋತನಕ."

"ಹಂಗಾದ್ರ ಕಾಸು."

ಬೆಳಿಗ್ಗೆ ಅವಳು ನಿರಂಜನರ ಎದುರು ನಿಂತು ಎಲ್ಲವನ್ನೂ ಹೇಳಿದಳು: ಬೂದಿ, ರಂಜಕ, ತಾನು ಇಳಿಸಿದ ಕಾವು. ಅವರು ಕೆಂಪಗಾದರು. "ಏನ್ರೀ ಇಂದುಮತಿ, ನಿಮಗೆ ತಲೆಗಿಲೆ ಕೆಟ್ಟಿದೆಯಾ? ನೀವಾ ಹೀಗೆ ಮಾಡಿದ್ದು? ಈ ವಿಷಯ ಆಮೇಲೆ ವಿಚಾರಿಸ್ತೀನಿ, ಬಿಡೋದಿಲ್ಲ. ಈಗ ಹೇಳಿ, ಆ ಪದರ ಕರಗಿದ್ರೆ ಇಟ್ಟಿಗೆ ಬಯಲಾಗುತ್ತೆ. ಕುಲುಮೆ ಉಳಿಯುತ್ತೆ ಅಂತ ಬರೆದುಕೊಡ್ತೀರಾ?"

"ಇಲ್ಲ ಸರ್. ಕುಲುಮಿ ಹೋದ್ರ ಇನ್ನೊಂದು ಕಟ್ಟಬಹುದು. ಮೌಲಾಲಣ್ಣ ಕೆಳಗ ಇಳದ್ರ ಮ್ಯಾಲ ಬರಂಗಿಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಹಾಳಾಗಿ ಹೋಗ್ಲಿ, ಮಾಡಿ" ಎಂದರು.

ಸೋನಾಬಾಯಿ ಬರುತ್ತೇನೆಂದು ಹಟ ಹಿಡಿದಳು. ಕರೆದು ಕೂಡಿಸಿದವಳೇ ಬಿಟ್ಟು ಕಳಿಸಬೇಕು ಎಂಬುದು ಅವಳ ವಾದ. ನಿರಂಜನರೂ ಅದಕ್ಕೆ ಎದುರಾಡಲಿಲ್ಲ. ಕುಲುಮೆ ತಳದಲ್ಲಿ ಯಾರೂ ಇರಕೂಡದು ಎಂದಷ್ಟೇ ಕಟ್ಟಪ್ಪಣೆ ಮಾಡಿದರು. ಕಿವಿ ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರೇ; ಅಲ್ಲಿನ ಕಾವಿನ ಮುಳ್ಳಿನ ಪಕ್ಕಕ್ಕೆ ಇಂದುಮತಿ ಒಂದು ಸಣ್ಣ ಸ್ಪೀಕರು ತಂದಿಟ್ಟಿದ್ದಳು. ಬಾಗಿಲ ಹೊರಗೆ ಮೌಲಾಲಿ.

ಆಮ್ಲಜನಕ ಏರಿತು. ಕಾವು ಏರಿತು. ಎಂದೂ ಹೋಗದ ಅಂಕಿಗೆ ಮುಳ್ಳು ಹೋಗಿ ನಿಂತಿತು. ಗೋಡೆಯ ಪದರ ಬಿರಿಯತೊಡಗಿದಾಗ ಆ ಕೂಗು ಎದ್ದಿತು ನೋಡಿ, ಹಿಂದೆಂದೂ ಅಷ್ಟು ದೊಡ್ಡದಾಗಿ ಎದ್ದಿರಲಿಲ್ಲ. ಕೋಣೆಯ ತಗಡೆಲ್ಲ ಅದುರಿತು. ಬಾರೋ ಎಂಬುದು ಈಗ ಯಾರಿಗಾದರೂ ತಿಳಿಯುವಂತಿತ್ತು. ಹೊರಗಿದ್ದ ಮೌಲಾಲಿಗೂ ತಿಳಿಯಿತು. ಆ ದನಿ ಯಾರದೆಂದು ಗುರುತು ಹಿಡಿದು ಅವನು ಬಾಗಿಲಿಗೆ ಒರಗಿ ಕುಸಿದು ಕೂತ. ಆಮೇಲೆ ಕೂಗು ತುಂಡುತುಂಡಾಯಿತು. ಒಂದೊಂದೇ ಚೂರು ಕಳಚಿತು. ಕೊನೆಗೆ ಸ್ಪೀಕರಿನಲ್ಲಿ ಏನೂ ಉಳಿಯಲಿಲ್ಲ. ಕೆಳಗೆ ಕಿಟ್ಟ ತೆಳ್ಳಗೆ ಧಾರೆಯಾಗಿ ಬೀಳುತ್ತಿದೆ, ಬಾಯಿ ಪೂರ್ತಿ ತೆರೆಯಿತು ಎಂದು ನಿಯಂತ್ರಣ ಕೋಣೆಯವರು ತಿಳಿಸಿದರು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಬರಿದಾದ ಇಟ್ಟಿಗೆಗೆ ಹೊಸ ಪದರ ಕಟ್ಟಬೇಕು, ಅದಕ್ಕೆ ಕಾವು ಇಳಿಸಬೇಕು. ಇಳಿಯುವಾಗ ಹೊಸ ಬೀಜಗಳು ಹುಟ್ಟುತ್ತವೆ. ಕುಲುಮೆಯ ಮೊರೆತ ಎಡೆಬಿಡದ್ದು, ಅದು ಬೀಜದಲ್ಲಿ ಬೇರೆ ದನಿಯಾಗಿ ಉಳಿಯದು, ಅದರಿಂದ ಭಯವಿಲ್ಲ. ಭಯ ಸರಳಿನ ಬಳಿ ಆಡುವ ಮಾತಿನದು. ಸರಳನ್ನು ಕಿತ್ತುಹಾಕೋಣವೆಂದರೆ ಅದು ಇಟ್ಟಿಗೆಗೇ ಬೆಸೆದುಕೊಂಡಿತ್ತು. "ಅತ್ತೀ, ಈಗರ ಹೊರಗ ಹೋಗ್ರಿ" ಎಂದಳು ಇಂದುಮತಿ. ಸೋನಾಬಾಯಿ ತಲೆಯಾಡಿಸಿ ಸೆರಗಿನ ಅಂಚನ್ನು ಬಾಯಿಗೆ ತುರುಕಿಕೊಂಡಳು.

ಕಾವು ಇಳಿಯತೊಡಗಿತು. ಮುದುಕಿಯ ಕಣ್ಣಿಂದ ನೀರು ಒಂದೇ ಸಮನೆ ಸುರಿಯುತ್ತಿತ್ತು, ಭುಜ ಕುಲುಕುತ್ತಿತ್ತು, ಸದ್ದು ಮಾತ್ರ ಹೊರಗೆ ಬರಲಿಲ್ಲ. ಇಂದುಮತಿ ಮುಳ್ಳನ್ನೇ ನೋಡುತ್ತಿದ್ದಳು. ಸರಳು ಅವಳ ಮುಖದ ಹತ್ತಿರವೇ ಇತ್ತು. ಇನ್ನೇನು ಬೀಜ ಹುಟ್ಟುವ ಅಂಕಿ. ಆಗ ಅವಳಿಗೊಂದು ಆಸೆ ಎದ್ದಿತು. ಒಂದೇ ಒಂದು ಸಲ. ಕೂಗುವುದೂ ಬೇಡ, ಮೆಲ್ಲಗೆ ಅವನ ಹೆಸರು ಅಂದರೆ ಸಾಕು, ಈ ಕುಲುಮೆ ಇರುವ ತನಕ ಅದು ಒಳಗೆ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಅತ್ತೆಗೆ ಸಿಕ್ಕದ್ದು ತನಗೇಕೆ ಬೇಡ? ಅವಳು ಬಾಗಿದಳು. ತುಟಿ ತೆರೆದಳು.

ಸೋನಾಬಾಯಿಯ ಒರಟು ಅಂಗೈ ಬಂದು ಅವಳ ಬಾಯನ್ನು ಮುಚ್ಚಿತು.

ಮುದುಕಿ ಒತ್ತಿ ಹಿಡಿದಳು, ಬಿಡಲಿಲ್ಲ. ಇಂದುಮತಿ ಬಿಡಿಸಿಕೊಳ್ಳಲು ನೋಡಿದಳು, ಆಮೇಲೆ ನೋಡಲಿಲ್ಲ. ಆ ಕೈಯೊಳಗೇ ಬಿಕ್ಕಿದಳು, ಬಿಕ್ಕಿದ್ದೆಲ್ಲ ಆ ಕೈಯಲ್ಲೇ ಇಂಗಿತು. ಹಾಗೆಯೇ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. ಮುಳ್ಳು ಆ ಅಂಕಿಯನ್ನು ದಾಟಿತು. ಸ್ಪೀಕರಿನಲ್ಲಿ ಎಲ್ಲ ಕುಲುಮೆಗಳಲ್ಲೂ ಕೇಳುವಂಥ ಸಣ್ಣ ಚಟಪಟ ಎದ್ದು ಅಡಗಿತು. ಹೊಸ ಪದರ ಗೋಡೆಗೆ ಕಟ್ಟಿಕೊಂಡಿತು. ಅದರೊಳಗೆ ಯಾರ ಹೆಸರೂ ಇರಲಿಲ್ಲ.

ಸೋನಾಬಾಯಿ ಸೊಸೆಯ ಬಾಯಿಂದ ಕೈ ತೆಗೆದಳು. ತನ್ನ ಬಾಯೊಳಗಿನ ಸೆರಗನ್ನು ಎಳೆದುಕೊಂಡಳು. ಸರಳಿನ ಕಡೆಗೊಮ್ಮೆ ಅಂಜುತ್ತ ನೋಡಿ, ಇಂದುಮತಿಯ ಕಿವಿಗಷ್ಟೇ ಕೇಳುವಂತೆ ಪಿಸುಗುಟ್ಟಿದಳು:

"ಇನ್ನ ಅಳೂನೇನವ್ವ?"